ಬಾಡಗಿ ಸೈಕಲ್ಲು

19 ಜುಲೈ 2019, ಶುಕ್ರವಾರ
ಸಪ್ತಾಪುರ, ಧಾರವಾಡ

ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಸಂಜೆ ಹಿಂದಿನ ಗಾಲಿ ಪಂಕ್ಚರ್ ಆಗಿ, ತಳ್ಳಿಕೊಂಡು ಕಾಕಾನ ಅಂಗಡಿಗೆ ಹೋದೆ. ಟ್ಯೂಬನ್ನು ಬೋಗುಣಿಯ ನೀರಲ್ಲಿ ಅದ್ದಿ ಗುಳ್ಳೆ ಹುಡುಕುತ್ತಲೇ ಕೇಳಿದರು, "ಬೆಂಗಳೂರಿಗೆ ಹೋಗಿದ್ರೆಲ್ಲಾ, ಮಗಳು ಹೆಂಗದಾಳ್ರಿ?"

ಚಲೋ ಅದಾಳ ಅಂದೆ. ಆದರೆ ರವಿವಾರದಿಂದ ಕೊರೆಯುತ್ತಿದ್ದದ್ದು ಬಾಯಿಗೆ ಬಂದೇಬಿಟ್ಟಿತು.

ಮೆಟ್ರೋ ಇಳಿದವಳು ಫುಟ್‌ಪಾತ್ ಮೇಲೆ ನಿಂತಿದ್ದ ಸೈಕಲ್ಲಿಗೆ ಫೋನು ಹಿಡಿದಳು. ಬೀಗ ಟಕ್ ಅಂತ ತೆರೆಯಿತು. ಸ್ಟ್ಯಾಂಡಿಲ್ಲ, ಮಾಲಕರಿಲ್ಲ. ಮನೆ ಮುಂದೆ ಬಂದು ಬೀಗ ಒತ್ತಿದರೆ ಫೋನು ಒಪ್ಪಲಿಲ್ಲ, ಸವಾರಿ ಇನ್ನೂ ನಡೆದೇ ಇದೆ ಎಂದು ತೋರಿಸುತ್ತ ಬಾಡಿಗೆ ಏರಿಸುತ್ತಲೇ ಇತ್ತು. ಹನಿ ಮಳೆಯಲ್ಲಿ ಅರ್ಧ ತಾಸು ನಿಂತೇ ಟೈಪ್ ಮಾಡಿದಳು. "ಅಪ್ಪಾ, ರೊಕ್ಕ ತಿರುಗಿ ಬರ್ತದ, ನೀ ಒಳಗ ಹೋಗು" ಅಂದಳು. ಜಗಳ ಆಡಲಿಕ್ಕೂ ಎದುರಿಗೆ ಒಬ್ಬ ಮನುಷ್ಯ ಇಲ್ಲದ ಊರಿನಲ್ಲಿ ನನ್ನ ಮಗಳು ಇದಕ್ಕೆಲ್ಲ ಒಗ್ಗಿಹೋಗಿದ್ದಾಳೆ ಅನ್ನುವುದು ನನಗೆ ಸಹಿಸಲಾಗಲಿಲ್ಲ.

ಕಾಕಾ ಮರುಗುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಬೀಗದ ಬಗ್ಗೆ. ಗೊತ್ತಿದ್ದಷ್ಟು ಹೇಳಿದೆ. ಇಂಥವೇ ಸೈಕಲ್ಲು ಬಾಡಿಗೆಗೆ ಬಿಟ್ಟ ಓಫೋ ಅಂತ ಚೀನಾದ ಒಂದು ಕಂಪನಿ, 2014ರಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ಹುಡುಗರು ಶುರು ಮಾಡಿದ್ದು. ಅದರ ಮೊದಮೊದಲಿನ ಸೈಕಲ್ಲುಗಳಿಗೆ ನಂಬರಿನ ಬೀಗ. ಒಂದು ಸೈಕಲ್ಲಿಗೆ ಒಂದೇ ನಂಬರು, ಅದನ್ನು ಫೋನು ತಿಳಿಸುತ್ತಿತ್ತು.

ಟ್ಯೂಬು ಉಜ್ಜುತ್ತಿದ್ದ ಕೈ ನಿಂತಿತು. "ಒಮ್ಮೆ ನಂಬರ್ ಗೊತ್ತಾತಂದ್ರ ಮುಗೀತಲ್ರಿ! ಮರುದಿನ ಯಾಂವ ರೊಕ್ಕ ಕೊಡತಾನ?"

ಆದದ್ದೂ ಹಾಗೆಯೇ. ಮೋಬೈಕ್ ಅನ್ನುವ ಅಲ್ಲಿನ ಇನ್ನೊಂದು ಕಂಪನಿಯವರು ಮಾತ್ರ ಬೀಗದೊಳಗೇ ಜಿಪಿಎಸ್ ಇಟ್ಟರು, ಚೈನು ತೆಗೆದು ಶಾಫ್ಟ್ ಹಾಕಿದರು, ಗಾಳಿ ಬೇಡದ ಟೈರು ಕೂರಿಸಿದರು ಅಂದೆ. ಕಾಕಾ ಬಹಳ ಹೊತ್ತು ಮಾತಾಡಲಿಲ್ಲ. ತೇಪೆಗೆ ಸೊಲ್ಯೂಷನ್ ಸವರಿ ಊದಿದರು.

"ಗಾಳಿ ಇಲ್ಲದ ಟೈರು ತುಳಿಯಾಕ ಭಾರ ಆಗ್ತದ್ರಿ. ಏರಿನ್ಯಾಗಂತೂ ಮೊಣಕಾಲ ಹೋಗ್ತಾವ. ರಿಪೇರಿ ಮಾಡಾವಾ ಬ್ಯಾಡಂತ ಮಾಡ್ಯಾರ, ತುಳಿಯಾವನ್ನ ಕೇಳೇ ಇಲ್ಲ."

ಸಾಲು ಏರಿಳಿತದ ನಮ್ಮೂರಲ್ಲಿ ಜೀವನವಿಡೀ ಸೈಕಲ್ಲು ಹಿಡಿದವರ ಮಾತು. ನನಗೆ ಹೊಳೆದೇ ಇರಲಿಲ್ಲ.

ಅವರ ಅಂಗಡಿಯಲ್ಲೂ ಒಂದು ಕಾಲಕ್ಕೆ ತಾಸಿನ ಬಾಡಿಗೆಗೆ ಸೈಕಲ್ಲು ಸಿಗುತ್ತಿದ್ದವು, ನಿಮಗೆಲ್ಲ ನೆನಪಿರಬೇಕು. ಗೋಡೆ ಗಡಿಯಾರ ನೋಡಿ ಪಾಟಿಯ ಮೇಲೆ ಹೆಸರು, ವೇಳೆ ಬರೆದುಕೊಳ್ಳುತ್ತಿದ್ದರು. ಆಗಿನ ಮಂದಿ ಜೋಪಾನ ಮಾಡುತ್ತಿದ್ದರು ಅಂದೆ. ಕಾಕಾ ತಲೆ ಅಲ್ಲಾಡಿಸಿದರು.

"ಎಲ್ಲೀದ್ರಿ! ಕೆಲಗೇರಿ ಕೆರಿ ದಂಡಿಗೆ ಒಗದ ಬಂದಿದ್ರು ಒಬ್ರು. ರಾತ್ರಿ ಬ್ಯಾಟ್ರಿ ಹಿಡಕೊಂಡು ನಾನ ಹೋಗಿ ಹೊತಗೊಂಡ ಬಂದೆ. ರಿಮ್ ಎಂಟ ಆಗಿತ್ತು." ಆಮೇಲೆ ನನ್ನ ಮುಖ ನೋಡಿ, "ಅಲ್ಲೆ ಯಾರು ತರತಾರ್ರಿ?"

ರಾತ್ರಿ ಗಾಡಿ ಬರುತ್ತದೆ, ಅಲ್ಲಲ್ಲಿ ಬಿದ್ದದ್ದನ್ನೆಲ್ಲ ತುಂಬಿಕೊಂಡು ಬೆಳಿಗ್ಗೆಗೆ ಮತ್ತೆ ಮೆಟ್ರೋ ಹತ್ತಿರ ಸಾಲು ನಿಲ್ಲಿಸುತ್ತಾರೆ ಅಂದೆ.

"ಆ ಹುಡುಗರಿಗೆ ಪಗಾರ ಎಷ್ಟಂತ?"

ಉತ್ತರ ಇರಲಿಲ್ಲ. ಹೋದ ಡಿಸೆಂಬರಿನಲ್ಲಿ ಠೇವಣಿ ವಾಪಸ್ ಕೇಳಲು ಬೀಜಿಂಗಿನ ಓಫೋ ಕಚೇರಿ ಮುಂದೆ ಜನ ಸಾಲುಗಟ್ಟಿದ ಸುದ್ದಿಯನ್ನು ಪೂರಾ ಓದಿದ್ದೆ. ಸೈಕಲ್ಲು ಎತ್ತುವವರ ಬಗ್ಗೆ ಒಂದು ಸಾಲೂ ಹುಡುಕಿರಲಿಲ್ಲ.

ಮಗಳ ಮೆಸೇಜು ಈಗ ಬಂತು, ರೊಕ್ಕ ಜಮಾ ಆಗಿದೆಯಂತೆ. ಓದಿ ಸಮಾಧಾನ ಆಗಬೇಕಿತ್ತು. ನೆನಪಾಗುತ್ತಿರುವುದು ರವಿವಾರ ರಾತ್ರಿ ಹನ್ನೊಂದರ ಹೊತ್ತು. ಬಾಲ್ಕನಿಯಿಂದ ನೋಡಿದ್ದೆ. ಒಬ್ಬ ಸಣ್ಣ ಹುಡುಗ, ತಲೆ ಮೇಲೆ ಪ್ಲಾಸ್ಟಿಕ್ ಚೀಲ, ಅದೇ ಸೈಕಲ್ಲನ್ನು ಗೂಡ್ಸ್ ಆಟೋಕ್ಕೆ ಎತ್ತುತ್ತಿದ್ದ. ಒಳಗಿದ್ದವನಿಗೆ "ಸಾವಕಾಶ ಹಿಡಿಲೇ, ಕೈ ಸಿಗತೈತಿ" ಅಂದ. ನಮ್ಮ ಕಡೆಯ ಮಾತು. ಕೆಳಗಿಳಿದು ಯಾವ ಊರಪ್ಪಾ ಅಂತ ಕೇಳಬಹುದಿತ್ತು, ಚಪ್ಪಲಿಯನ್ನೂ ಮೆಟ್ಟಿದ್ದೆ, ಅಷ್ಟರಲ್ಲಿ