ಮೂರಾಣೆ ತೆರಿಗೆಗೆ ಇಷ್ಟೊಂದು ರಂಪಾಟ ಯಾಕೆ?

ಅಂಕೋಲೆಯವನು ಅಂತ ಗೊತ್ತಾದ ಕೂಡಲೇ ಜನ ನನ್ನ ಹತ್ತಿರ ಎರಡು ವಿಷಯ ಕೇಳುತ್ತಾರೆ. ಒಂದು, ಕರಿ ಇಶಾಡು ಮಾವಿನ ಹಣ್ಣು ಎಲ್ಲಿ ಸಿಗುತ್ತದೆ ಅಂತ. ಇನ್ನೊಂದು ಉಪ್ಪಿನ ಸತ್ಯಾಗ್ರಹದ್ದು. ಹಣ್ಣಿಗೆ ಮೇ ತಿಂಗಳಲ್ಲಿ ಬನ್ನಿ ಅಂದರೆ ಮುಗಿಯಿತು. ಎರಡನೆಯದು ಅಷ್ಟು ಬೇಗ ಮುಗಿಯುವುದಿಲ್ಲ.

ಕೇಳುವವರು ಲೆಕ್ಕ ಹಾಕಿಕೊಂಡೇ ಬಂದಿರುತ್ತಾರೆ. 1930ರಲ್ಲಿ ಉಪ್ಪಿನ ತೆರಿಗೆ ಮಣಕ್ಕೆ ಒಂದೂಕಾಲು ರೂಪಾಯಿ. ಮಣ ಅಂದರೆ ಸುಮಾರು 37 ಕಿಲೋ. ಒಬ್ಬ ಮನುಷ್ಯ ವರ್ಷಕ್ಕೆ ಐದಾರು ಕಿಲೋ ಉಪ್ಪು ತಿಂದರೆ ಅವನ ತಲೆಗೆ ಬೀಳುವ ತೆರಿಗೆ ಮೂರಾಣೆ ಆಸುಪಾಸು (ಆಗ ರೂಪಾಯಿಗೆ ಹದಿನಾರಾಣೆ). "ಮೂರಾಣೆಗಾಗಿ ಸಾವಿರಾರು ಜನ ಜೈಲಿಗೆ ಹೋದರಾ? ತೆರಿಗೆ ಜಾಸ್ತಿ ಆದರೆ ದಂಗೆ ಏಳುತ್ತಾರೆ ಅಂತಾರಲ್ಲ, ಇದು ಜಾಸ್ತಿ ಎಲ್ಲಿ ಆಯಿತು?" ಒಳ್ಳೆಯ ಪ್ರಶ್ನೆ. ಸುಮ್ನೆ ದೇಶಭಕ್ತಿಯ ಮಾತಾಡಿ ಇದನ್ನು ತಳ್ಳಿಹಾಕುವುದು ನನಗೆ ಇಷ್ಟ ಇಲ್ಲ.

ಮೊದಲು ಅದೇ ಲೆಕ್ಕವನ್ನು ತಿರುಗಿಸಿ ನೋಡೋಣ. 1930ರ ಏಪ್ರಿಲ್ 13ರಂದು, ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ ಒಂದು ವಾರಕ್ಕೆ, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆ ಮುರಿದರು. ಅವತ್ತಿನ ಉಪ್ಪಿನ ಮೊದಲ ಪೊಟ್ಟಣವನ್ನು ರೇವು ಹೊನ್ನಪ್ಪ ನಾಯಕರು 30 ರೂಪಾಯಿ ಕೊಟ್ಟು ಕೊಂಡರು ಅಂತ ಊರವರು ಇವತ್ತಿಗೂ ಹೇಳುತ್ತಾರೆ. 30 ರೂಪಾಯಿ ಇದ್ದರೆ ಅಂದಿನ ದರದಲ್ಲಿ 24 ಮಣ ಉಪ್ಪಿನ ತೆರಿಗೆ ಕಟ್ಟಬಹುದಿತ್ತು. ಅಂದರೆ ಸುಮಾರು 900 ಕಿಲೋ. ತೆರಿಗೆ ಭಾರ ಆಯಿತು ಅನ್ನುವವನು ಒಂದು ಹಿಡಿ ಉಪ್ಪಿಗೆ ಅಷ್ಟು ದುಡ್ಡು ಕೊಡುತ್ತಾನಾ?

ಹಾಗಾದರೆ ಭಾರ ಆದದ್ದು ಏನು ಅಂತ ನೋಡಬೇಕಾದರೆ ಗೋಕರ್ಣದ ಹತ್ತಿರ ಸಾಣಿಕಟ್ಟೆಗೆ ಬೇಸಿಗೆಯಲ್ಲಿ ಒಮ್ಮೆ ಹೋಗಿ ಬನ್ನಿ. ಉಬ್ಬರದ ಹೊತ್ತಿಗೆ ಅಘನಾಶಿನಿಯ ಹಿನ್ನೀರನ್ನು ಆಗರದ, ಅಂದರೆ ಉಪ್ಪಿನ ಗದ್ದೆಯ, ಒಳಗೆ ಬಿಟ್ಟುಕೊಳ್ಳುತ್ತಾರೆ. ನೀರು ಒಂದು ಅಂಕಣದಿಂದ ಇನ್ನೊಂದಕ್ಕೆ ಹೋಗುತ್ತಾ ಬಿಸಿಲಿಗೆ ಗಟ್ಟಿಯಾಗುತ್ತದೆ. ಕೊನೆಯ ಅಂಕಣದ ಜೇಡಿ ನೆಲವನ್ನು ತುಳಿದು, ಬಡಿದು, ನುಣ್ಣಗೆ ಮಾಡಿಟ್ಟಿರುತ್ತಾರೆ. ಹರಳು ಕಟ್ಟುವುದು ಅಲ್ಲಿ. ಉದ್ದ ಹಿಡಿಯ ಹಲಗೆಯಿಂದ ಅದನ್ನು ಎಳೆದು ಬದುವಿನ ಮೇಲೆ ರಾಶಿ ಹಾಕುತ್ತಾರೆ. ಪ್ಯಾಕೆಟ್ ಉಪ್ಪಿನಷ್ಟು ಬೆಳ್ಳಗಿರುವುದಿಲ್ಲ, ಸ್ವಲ್ಪ ಕಂದು. ನಮ್ಮ ಮನೆಯ ಉಪ್ಪಿನಕಾಯಿಗೆ ಇವತ್ತಿಗೂ ಇದೇ ಬೇಕು. ಇಷ್ಟೆಲ್ಲ ವ್ಯವಸ್ಥೆ ಇಲ್ಲದ ಕಡೆಯೂ ಉಪ್ಪು ಬಿಟ್ಟಿ ಸಿಗುತ್ತದೆ. ಹೊಳೆಯಂಚಿನ ಗಜನಿ ಭೂಮಿಯಲ್ಲಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲಿ, ನಿಂತ ನೀರು ಒಣಗಿದರೆ ನೆಲದ ಮೇಲೆ ಬಿಳಿ ಪೊರೆ ಉಳಿಯುತ್ತದೆ.

ಆ ಪೊರೆಯನ್ನು ಕೆರೆದು ಮನೆಗೆ ತಂದರೆ ಕಾಯಿದೆ ಪ್ರಕಾರ ಅಪರಾಧ. ಉಪ್ಪು ಮಾಡುವುದಕ್ಕೆ ಪರವಾನಗಿ ಬೇಕು, ಮಾರುವುದಕ್ಕೂ ಬೇಕು. ಮೀನು ಒಣಗಿಸುವ ಹೆಂಗಸಿಗೆ ಉಪ್ಪು ಬೇಕು, ತೆಂಗಿನ ಬುಡಕ್ಕೆ ಬೇಕು, ಗಂಜಿಗೆ ಬೇಕು. ಅದು ಎದುರಿಗೇ ಬಿದ್ದಿದೆ, ಆದರೆ ಮುಟ್ಟಿದರೆ ಪೊಲೀಸು. ಮಾಡುವ ಖರ್ಚಿಗಿಂತ ತೆರಿಗೆಯೇ ಎಷ್ಟೋ ಪಾಲು ಜಾಸ್ತಿ. ಆ ತೆರಿಗೆ ವಸೂಲಾಗಬೇಕಾದರೆ ಬಿಟ್ಟಿ ಉಪ್ಪು ಯಾರಿಗೂ ಸಿಗಬಾರದು. ಆದ್ದರಿಂದ ಮೂರಾಣೆಯ ಹಿಂದೆ ಒಂದು ಕಾವಲು ಪಡೆಯೇ ಇತ್ತು. ಜನರಿಗೆ ತೆರಿಗೆ ಕಾಣುತ್ತಿರಲಿಲ್ಲ, ಅದು ಬೆಲೆಯ ಒಳಗೆ ಸೇರಿಹೋಗಿತ್ತು. ಕಾವಲುಗಾರ ಕಾಣುತ್ತಿದ್ದ.

ನನ್ನ ಉತ್ತರದ ಅರ್ಧ ಇದು. ಸಾಮ್ರಾಜ್ಯದ ತೆರಿಗೆಯನ್ನು ರೂಪಾಯಿ ಆಣೆಯಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ. ಅದರ ವಸೂಲಿಗಾಗಿ ನಿಮ್ಮ ಯಾವ ಮಾಮೂಲಿ ಕೆಲಸಕ್ಕೆ ಕಳ್ಳತನ ಅಂತ ಹೆಸರಿಟ್ಟುಬಿಟ್ಟರು ಅಂತ ನೋಡಿ. ಇನ್ನರ್ಧ, ಅದರಿಂದ ಊರಿನಲ್ಲಿ ಯಾರು ಮುನಿಸಿಕೊಂಡರು ಅನ್ನುವುದು. ಬಡವ ಮಾತ್ರ ನರಳಿದರೆ ಸಾಮ್ರಾಜ್ಯ ಅಲುಗಾಡಿದ್ದು ಕಡಿಮೆ. ನಿನ್ನೆವರೆಗೆ ಅದರ ಕೈಯಾಳಾಗಿದ್ದ ಪಟೇಲ, ಸಾಹುಕಾರ, ತೋಟದ ಯಜಮಾನ ಎದುರು ನಿಂತ ದಿನ ಅದಕ್ಕೆ ಕಷ್ಟ ಶುರು.

ಆಗ ಬ್ರಿಟಿಷರ ಕೈಯಲ್ಲಿದ್ದ ಅಮೆರಿಕದ ಕತೆಯಲ್ಲಿ ಇದು ತುಂಬ ಚೆನ್ನಾಗಿ ಕಾಣುತ್ತದೆ. ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆ ಸಮುದ್ರಕ್ಕೆ ಎಸೆದದ್ದು ಚಹಾ ತುಟ್ಟಿ ಆಯಿತು ಅಂತಲೇ ನಾವೆಲ್ಲ ಶಾಲೆಯಲ್ಲಿ ತಿಳಿದುಕೊಂಡಿದ್ದು, ಅಲ್ವಾ? ನಿಜ ಏನೆಂದರೆ ಚಹಾ ಅಗ್ಗ ಆಗುವುದರಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಗೋದಾಮುಗಳಲ್ಲಿ ಚಹಾ ಕೊಳೆಯುತ್ತಿತ್ತು. 1770ರ ಬಂಗಾಳದ ಬರದಲ್ಲಿ ಲಕ್ಷಗಟ್ಟಲೆ ಜನ ಸತ್ತರೂ ಕಂದಾಯ ಎತ್ತಿದ ಕಂಪನಿ, 1772ರ ಹೊತ್ತಿಗೆ ದಿವಾಳಿಯ ಅಂಚಿಗೆ ಬಂದು ಸರ್ಕಾರದ ಮುಂದೆ ಸಾಲಕ್ಕೆ ಕೈಚಾಚಿತ್ತು. ಅದನ್ನು ಉಳಿಸಲು 1773ರಲ್ಲಿ ಪಾರ್ಲಿಮೆಂಟು ಒಂದು ಕಾಯಿದೆ ಮಾಡಿತು. ಕಂಪನಿ ಚಹಾವನ್ನು ನೇರ ಅಮೆರಿಕಕ್ಕೆ ಕಳಿಸಬಹುದು, ತಾನು ಆರಿಸಿದ ಏಜೆಂಟರ ಮೂಲಕವೇ ಮಾರಬಹುದು. ಇಂಗ್ಲೆಂಡಿನ ಸುಂಕ ವಾಪಸ್. ಅಮೆರಿಕದಲ್ಲಿ ಪೌಂಡಿಗೆ ಮೂರು ಪೆನ್ಸ್ ಸುಂಕ ಮಾತ್ರ ಹಾಗೇ ಉಳಿಯಿತು.

ಕುಡಿಯುವವನಿಗೆ ಲಾಭವೇ. ಕೆಟ್ಟದ್ದು ಅಲ್ಲಿನ ವ್ಯಾಪಾರಿಗೆ. ಅವನು ಡಚ್ಚರ ಚಹಾವನ್ನು ಕದ್ದು ತಂದು ಮಾರುತ್ತಿದ್ದ. ಕಾಯಿದೆ ಪ್ರಕಾರ ತರುತ್ತಿದ್ದವನಿಗೂ ಈಗ ಜಾಗ ಇಲ್ಲ. ಬಾಸ್ಟನ್ನಿನಲ್ಲಿ ಏಜೆನ್ಸಿ ಸಿಕ್ಕಿದವರಲ್ಲಿ ಗವರ್ನರ್ ಹಚಿನ್ಸನ್ನನ ಇಬ್ಬರು ಮಕ್ಕಳೂ ಇದ್ದರು! ಇದನ್ನು ಓದಿದಾಗ ನನಗೆ ನಮ್ಮ ಕಡೆಯ ಟೆಂಡರುಗಳು ನೆನಪಾಗಿ ನಗು ಬಂತು. 1773ರ ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ನೀರಿಗೆ ಬಿದ್ದವು.

ಅದಕ್ಕೂ ಮೊದಲು, 1765ರ ಸ್ಟಾಂಪ್ ಕಾಯಿದೆಯಲ್ಲೂ ಇದೇ ಎಡವಟ್ಟು. ಏಳು ವರ್ಷದ ಯುದ್ಧದಿಂದ ಬ್ರಿಟನ್ನಿಗೆ ಸಾಲ ಏರಿತ್ತು, ಅಮೆರಿಕದಲ್ಲಿ ಇಟ್ಟ ಸೈನ್ಯದ ಖರ್ಚಿಗೆ ದುಡ್ಡು ಬೇಕಿತ್ತು. ಕೋರ್ಟಿನ ಕಾಗದ, ಪತ್ರಿಕೆ, ಹಡಗಿನ ದಾಖಲೆ, ಇಸ್ಪೀಟು ಎಲೆ, ಎಲ್ಲದಕ್ಕೂ ಸ್ಟಾಂಪ್. ಇಂಗ್ಲೆಂಡಿನವರು ಇದಕ್ಕಿಂತ ಜಾಸ್ತಿ ಸ್ಟಾಂಪ್ ಸುಂಕ ಕಟ್ಟುತ್ತಿದ್ದರು. ಆದರೆ ಈ ತೆರಿಗೆ ಬಿದ್ದದ್ದು ಯಾರ ಮೇಲೆ ನೋಡಿ. ವಕೀಲ, ಪತ್ರಿಕೆಯವನು, ಹಡಗಿನ ವ್ಯಾಪಾರಿ. ಮಾತಾಡಬಲ್ಲವರು, ಬರೆಯಬಲ್ಲವರು, ಅಚ್ಚು ಹಾಕಬಲ್ಲವರು! ಮರುವರ್ಷವೇ ಅದನ್ನು ವಾಪಸ್ ತೆಗೆದುಕೊಂಡರು. ತೆಗೆದುಕೊಳ್ಳುವಾಗಲೇ, ನಿಮ್ಮ ಮೇಲೆ ಯಾವ ಕಾನೂನು ಬೇಕಾದರೂ ಮಾಡುವ ಹಕ್ಕು ನಮಗಿದೆ ಅಂತ ಇನ್ನೊಂದು ಕಾಯಿದೆಯನ್ನೂ ಮಾಡಿದರು. ಜಂಬ ಅಂದರೆ ಅದು.

ಪೆರುವಿನಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧ ಬಂಡಾಯ ಎದ್ದ ಟುಪಾಕ್ ಅಮಾರು ಕೂಡ ಗತಿಯಿಲ್ಲದ ರೈತ ಅಲ್ಲ. ಆಳುವವರಿಗೆ ಕಪ್ಪ ಎತ್ತಿಕೊಡುವ ಊರ ನಾಯಕ. ನೂರಾರು ಹೇಸರಗತ್ತೆ ಇಟ್ಟುಕೊಂಡು ಕುಸ್ಕೋದಿಂದ ಪೊಟೊಸಿ ಗಣಿಯ ಕಡೆ ಸರಕು ಸಾಗಿಸುತ್ತಿದ್ದವ. 1776ರಲ್ಲಿ ಸ್ಪೇನ್ ಎರಡು ಕೆಲಸ ಮಾಡಿತು. ಮಾರಾಟ ತೆರಿಗೆಯನ್ನು ಶೇಕಡಾ 4ರಿಂದ 6ಕ್ಕೆ ಏರಿಸಿತು. ಪೊಟೊಸಿಯನ್ನು ಪೆರುವಿನಿಂದ ಕಿತ್ತು, ಬ್ಯೂನಸ್ ಐರಿಸ್ ಕೇಂದ್ರವಾದ ಹೊಸ ಪ್ರಾಂತ್ಯಕ್ಕೆ ಸೇರಿಸಿತು. ಅವನ ಹೇಸರಗತ್ತೆಯ ದಾರಿಗೆ ಅಡ್ಡಲಾಗಿ ಗಡಿಯೊಂದು ಬಂದು ಕೂತಿತು. ಹಳ್ಳಿಯವರಿಗೆ ಬೇಡದ ಸರಕನ್ನು ಅಧಿಕಾರಿಗಳೇ ತಂದು ಬಲವಂತವಾಗಿ ಮಾರುವ ಕಾಟ ಮೊದಲೇ ಇತ್ತು. 1780ರ ನವೆಂಬರಿನಲ್ಲಿ ಅವನು ಅಂಥ ಒಬ್ಬ ಅಧಿಕಾರಿಯನ್ನು ಹಿಡಿದು ಗಲ್ಲಿಗೇರಿಸಿದ.

ಭೂಪಟಕ್ಕೆ ಕತ್ತರಿ ಹಾಕುವುದು ನಮಗೂ ಹೊಸದಲ್ಲ. ಕೆನರಾ, ಅಂದರೆ ಈಗಿನ ಉತ್ತರ ಕನ್ನಡವೂ ಸೇರಿದ್ದ ನಮ್ಮ ಕರಾವಳಿ ಜಿಲ್ಲೆ, ಮದ್ರಾಸ್ ಪ್ರಾಂತ್ಯದಲ್ಲಿತ್ತು. ಧಾರವಾಡದ ಹತ್ತಿಯನ್ನು ಕಾರವಾರದ ಬಂದರಿನಿಂದ ಸಾಗಿಸಬೇಕು ಅಂತ ಮ್ಯಾಂಚೆಸ್ಟರಿನ ಗಿರಣಿಯವರು ಹಟ ಹಿಡಿದರು, ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿಯೂ ನಿಂತಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಕತ್ತರಿಸಿ ಮುಂಬಯಿಗೆ ಸೇರಿಸಿದರು. ಮುಂದೆ 1880ರ ದಶಕದಲ್ಲಿ ಗೋವೆಯ ಮುರ್ಮುಗೋವಾ ಬಂದರಿಗೆ ರೈಲು ಬಂತು, ವ್ಯಾಪಾರ ಅತ್ತ ಹೋಯಿತು, ಕಾರವಾರ ಖಾಲಿ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಬರುತ್ತದೆ ಅಂತ ನಾವು ಇನ್ನೂ ಕಾಯುತ್ತಿದ್ದೇವೆ, ಅದು ಬೇರೆ ಮಾತು.

ಆ ರೈಲಿಗೆ ದಾರಿ ಮಾಡಿಕೊಟ್ಟದ್ದು 1878ರಲ್ಲಿ ಬ್ರಿಟಿಷರು ಪೋರ್ಚುಗಲ್ ಜೊತೆ ಮಾಡಿಕೊಂಡ ಒಪ್ಪಂದ. ನನ್ನ ವಾದಕ್ಕೆ ಅಡ್ಡ ಬರುವುದೂ ಅದೇ. ಗೋವೆಯ ಅಗ್ಗದ ಉಪ್ಪು ಗಡಿ ದಾಟಿ ನಮ್ಮ ಕಡೆ ಬಂದರೆ ಇಲ್ಲಿನ ಉಪ್ಪಿನ ತೆರಿಗೆ ಕೆಡುತ್ತದೆ. ಹಾಗಾಗಿ ಬ್ರಿಟಿಷರು ಪೋರ್ಚುಗೀಸ್ ಸರ್ಕಾರಕ್ಕೆ ವರ್ಷಕ್ಕೆ 4 ಲಕ್ಷ ರೂಪಾಯಿ ಕೊಟ್ಟು ಗೋವೆಯ ಉಪ್ಪಿನ ಆಗರಗಳ ಮೇಲೆ ಹಿಡಿತ ಪಡೆದರು. ತಲತಲಾಂತರದಿಂದ ಉಪ್ಪು ಮಾಡುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಒಪ್ಪಂದ 1892ರಲ್ಲಿ ಕೊನೆಗೊಂಡಿತು. ಇಷ್ಟು ಅನ್ಯಾಯ ಆದರೂ ದೊಡ್ಡ ಬಂಡಾಯ ಏಳಲಿಲ್ಲ. ಯಾಕೆ? ನನಗೆ ತೋರುವುದು ಇದು: ಮುಂಬಯಿ ಹತ್ತಿರ ಇತ್ತು. ಗೋವೆಯವರು ಹಡಗಿನ ಕೆಲಸಕ್ಕೆ, ಅಡುಗೆ ಕೆಲಸಕ್ಕೆ, ಬ್ಯಾಂಡಿಗೆ ಅಂತ ಅಲ್ಲಿಗೆ ಹೋದರು. ಬಿಟ್ಟು ಹೋಗಲು ದಾರಿ ಇದ್ದ ಕಡೆ ಸಿಟ್ಟು ಆ ದಾರಿಯಲ್ಲೇ ಹರಿದು ಹೋಗುತ್ತದೆ.

ಜಮೀನು ಇದ್ದವನಿಗೆ ಆ ದಾರಿ ಇಲ್ಲ. ಅದಕ್ಕೇ ಭೂಕಂದಾಯದ ಜಗಳ ಬೇರೆ ಎಲ್ಲಕ್ಕಿಂತ ಗಟ್ಟಿ. 1830-31ರಲ್ಲಿ ಕೆನರಾದ ರೈತರು ಕೂಟ ಸೇರಿ ತೀರ್ವೆ (ಭೂಕಂದಾಯ) ಕಟ್ಟುವುದಿಲ್ಲ ಅಂತ ನಿಂತರು. ಬೆಳೆಯ ಬೆಲೆ ಬಿದ್ದಿತ್ತು, ಕಂದಾಯ ಮಾತ್ರ ನಗದಾಗಿ ಮೊದಲಿನಷ್ಟೇ ಬೇಕು. ಅದೇ ಹೊತ್ತಿಗೆ ಘಟ್ಟದ ಮೇಲೆ ನಗರ (ಬಿದನೂರು) ಸೀಮೆಯಲ್ಲಿ ದಂಗೆ. ಅದು ಮೈಸೂರು ಅರಸರ ರಾಜ್ಯ ನಿಜ. ಆದರೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಕಂಪನಿಗೆ ಕಪ್ಪ ಹೋಗಬೇಕು. ಇಷ್ಟು ಎತ್ತಿಕೊಡುತ್ತೇನೆ ಅಂತ ಅಮಲ್ದಾರರು, ಅಂದರೆ ಕಂದಾಯದ ಅಧಿಕಾರಿಗಳು, ಷರತ್ತು ಬರೆದುಕೊಟ್ಟು, ಅದನ್ನು ರೈತರಿಂದ ಹಿಂಡುತ್ತಿದ್ದರು.

ನೂರು ವರ್ಷದ ಮೇಲೆ ಅದೇ ಬೆಲೆ ಕುಸಿತ, ಅದೇ ನಗದು ತೀರ್ವೆ. 1929ರ ನಂತರದ ಜಾಗತಿಕ ಕುಸಿತದಲ್ಲಿ ಅಡಿಕೆ ದರ ಬಿತ್ತು. ಸಿರಸಿ, ಸಿದ್ದಾಪುರದ ತೋಟದವರು ಮೊದಲೇ ಅರಣ್ಯ ಇಲಾಖೆಯ ಮೇಲೆ ಕುದಿಯುತ್ತಿದ್ದರು. ತೋಟಕ್ಕೆ ಸೊಪ್ಪು ಬೇಕು, ಬೆಟ್ಟಕ್ಕೆ ಹೋದರೆ ಗಾರ್ಡು. ಇವರು ಹರಕು ಬಟ್ಟೆಯ ಜನ ಅಲ್ಲ. ಸರ್ಕಾರಕ್ಕೆ ತಪ್ಪದೆ ಕಂದಾಯ ಕಟ್ಟುತ್ತಾ ಬಂದ ಮರ್ಯಾದಸ್ಥ ಯಜಮಾನರು. ಕೆಳಗೆ ಅಂಕೋಲೆಯ ಸೂರ್ವೆಯಂಥ ಊರುಗಳ ಗದ್ದೆ ಒಡೆಯರೂ ಹಾಗೇ. ಇವರೇ ಕರಬಂದಿಗೆ, ಅಂದರೆ ತೆರಿಗೆ ಕಟ್ಟದ ಚಳವಳಿಗೆ, ಇಳಿದರು. ಜಪ್ತಿ ಆಯಿತು. ಪಾತ್ರೆ, ದನ, ಮನೆ, ಜಮೀನು ಎಲ್ಲ ಲಿಲಾವಿಗೆ, ಅಂದರೆ ಹರಾಜಿಗೆ, ಬಂತು.

ಇಲ್ಲಿ ನನಗೆ ತುಂಬ ಕಾಡುವುದು ಲಿಲಾವಿನ ವಿಷಯ. ಸರ್ಕಾರ ಜಮೀನು ಕಸಿದರೆ ಸಾಲದು, ಕೊಳ್ಳುವವನೊಬ್ಬ ಬೇಕು. ಕೊಂಡವನೂ ಪಕ್ಕದ ಊರಿನವನೇ. ನಾಳೆ ಮದುವೆಗೆ, ತಿಥಿಗೆ ಎದುರಾಗುವವನು. 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿ ಆಸ್ತಿ ಕೊಂಡವರ ಮನೆ ಮುಂದೆ ಉಪವಾಸ ಕೂತರು. ಕಲೆಕ್ಟರನ ಆಫೀಸಿನ ಎದುರು ಅಲ್ಲ, ನೆರೆಯವನ ಅಂಗಳದಲ್ಲಿ. ತೆರಿಗೆ ಯಂತ್ರ ಓಡುವುದು ಎಲ್ಲಿಂದ ಅಂತ ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅವರ ಸ್ಮಾರಕ ಮಾವಿನಗುಂಡಿಯಲ್ಲಿ ಇದೆ. ಜೋಗಕ್ಕೆ ಹೋಗುವ ಕಾರುಗಳು ಆ ಊರನ್ನು ದಾಟಿಯೇ ಹೋಗುತ್ತವೆ, ನಿಲ್ಲಿಸುವವರು ಕಡಿಮೆ.

"ಹಾಗಾದರೆ ಈಗ ಜಿಎಸ್‌ಟಿಗೆ ಯಾಕೆ ದಂಗೆ ಇಲ್ಲ?" ಅಂತ ಕೆಲವರು ಕಾಲೆಳೆಯುತ್ತಾರೆ. ಉಪ್ಪಿಗೆ ಜಿಎಸ್‌ಟಿ ಇಲ್ಲ ಮಾರಾಯ್ರೇ. ಉಳಿದದ್ದಕ್ಕೆ ಬೈಯಲು ಚುನಾವಣೆ ಇದೆ.

ಕೊನೆಗೆ ಸರ್ಕಾರ ಏನು ಬಿಟ್ಟುಕೊಟ್ಟಿತು ಅಂತಲೂ ನೋಡಿ. 1931ರ ಮಾರ್ಚಿನ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ, ಉಪ್ಪು ಸಿಗುವ ಊರಿನವರು ತಮ್ಮ ಮನೆ ಬಳಕೆಗೆ ಉಪ್ಪು ಮಾಡಿಕೊಳ್ಳಬಹುದು, ಊರೊಳಗೇ ಮಾರಬಹುದು ಅಂತ ಒಪ್ಪಿದರು. ಮೂರಾಣೆಯನ್ನು ಬಿಡುವುದು ಅವರಿಗೆ ಅಷ್ಟು ಕಷ್ಟ ಆಗಲಿಲ್ಲ. ಲಿಲಾವಿನಲ್ಲಿ ಬೇರೆಯವರ ಕೈ ಸೇರಿದ ಜಮೀನಿನ ಮಾತು ಬಂದಾಗ ಮಾತ್ರ, ಆದ ಮಾರಾಟ ಆಗಿಹೋಯಿತು, ಅದನ್ನು ಮುಟ್ಟುವುದಿಲ್ಲ ಅಂದರು. ಮರುವರ್ಷ ಹೋರಾಟ ಮತ್ತೆ ಶುರುವಾಯಿತು, ಮತ್ತೆ ಜಪ್ತಿ. 1937ರಲ್ಲಿ ಮುಂಬಯಿಯಲ್ಲಿ ಬಿ. ಜಿ. ಖೇರ್ ಅವರ ಚುನಾಯಿತ ಮಂತ್ರಿಮಂಡಲ ಬಂದ ಮೇಲೆ, 1938ರಲ್ಲಿ ಕಾಯಿದೆ ಮಾಡಿ ಜಪ್ತಿಯಾದ ಜಮೀನುಗಳನ್ನು ಮೂಲ ಒಡೆಯರಿಗೆ ವಾಪಸ್ ಕೊಡಿಸಿದರು. ಉಪ್ಪಿನ ತೆರಿಗೆ ಪೂರ್ತಿ ಹೋಗಲು 1947 ಬರಬೇಕಾಯಿತು.