ಒಪಿಡಿ ರಿಜಿಸ್ಟರಿನ ಆ ಒಂದು ಸಾಲು

ಮಳೆ ಹಿಡಿದ ಮೇಲೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಒಪಿಡಿ, ಅಂದರೆ ಹೊರರೋಗಿ ವಿಭಾಗದ, ರಿಜಿಸ್ಟರಿನಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ: ಜ್ವರ, ಕೆಮ್ಮು, ನೆಗಡಿ. ದಾವಣಗೆರೆ ತಾಲ್ಲೂಕಿನ ಹಳ್ಳಿಗಳಲ್ಲಿ ಆರೋಗ್ಯ ಸುರಕ್ಷಾಧಿಕಾರಿಯಾಗಿ ಓಡಾಡುವ ನನಗೆ ಆ ಸಾಲಿನ ಮೇಲೆ ಬಹಳ ಕಾಳಜಿ. ಯಾವ ಊರಲ್ಲಿ ಕಾಯಿಲೆ ಏರುತ್ತಿದೆ ಅಂತ ಜಿಲ್ಲೆಯವರಿಗೆ ಗೊತ್ತಾಗುವುದು ಅದರಿಂದಲೇ.

ಹೀಗೆ ಕಾಯಿಲೆಗಳ ಲೆಕ್ಕ ಇಟ್ಟು ಗಮನಿಸುವ ನಿಗಾ ವ್ಯವಸ್ಥೆ ದೇಶದಲ್ಲಿ ಶುರುವಾಗಿದ್ದು 2004ರಲ್ಲಿ. ನಾವು ಹಳ್ಳಿಯಲ್ಲಿ ಲಕ್ಷಣ ಕೇಳಿ ತುಂಬುವುದು ಎಸ್ ಫಾರಂ, ಡಾಕ್ಟರು ನೋಡಿ ತುಂಬುವುದು ಪಿ ಫಾರಂ, ಲ್ಯಾಬಿನದ್ದು ಎಲ್ ಫಾರಂ. ಮೊದಲು ವಾರಕ್ಕೊಮ್ಮೆ ಲೆಕ್ಕ ಕಳಿಸುತ್ತಿದ್ದೆವು. 2021ರಲ್ಲಿ ಐಎಚ್‌ಐಪಿ ಎಂಬ ಆನ್‌ಲೈನ್ ಪೋರ್ಟಲ್ ದೇಶಕ್ಕೆಲ್ಲ ಬಂದಮೇಲೆ ಅಂದಿನದ್ದನ್ನು ಅಂದೇ ಹಾಕಬಹುದು.

ಆದರೆ ಒಪಿಡಿಯ ಅಂಕಿ ಬರೀ ಕಾಯಿಲೆಯ ಅಂಕಿ ಅಲ್ಲ. ಭಾನುವಾರ ತಡೆದುಕೊಂಡವರೆಲ್ಲ ಸೋಮವಾರ ಬರುತ್ತಾರೆ. ದೀಪಾವಳಿ ವಾರದಲ್ಲಿ ಯಾರೂ ಬರುವುದಿಲ್ಲ, ಹಾಗಂತ ಕೆಮ್ಮು ನಿಂತಿರುತ್ತದಾ? 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ವೈರಸ್‌ನಿಂದ ಹಾಸನ ಜಿಲ್ಲೆಯಲ್ಲಿ ಒಬ್ಬ ವೃದ್ಧರು ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂದಾಗ, ಸಾಧಾರಣ ನೆಗಡಿಯವರೂ ಗಾಬರಿಯಿಂದ ಬಂದರು. ಅದಕ್ಕೇ ಹೋದ ವಾರದ ಜೊತೆ ಮಾತ್ರ ಹೋಲಿಸಿದರೆ ಸಾಲದು. ಹಿಂದಿನ ವರ್ಷಗಳ ಇದೇ ವಾರ ಹೇಗಿತ್ತು, ಬಂದವರಲ್ಲಿ ಎಷ್ಟು ಪಾಲು ಜ್ವರ-ಕೆಮ್ಮಿನವರು ಅಂತಲೂ ನೋಡಬೇಕು. ನಮ್ಮ ದೇಶದಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತೊಮ್ಮೆ. ಆಗಸ್ಟ್‌ನಲ್ಲಿ ಏರಿದ್ದಕ್ಕೆ ಹೆದರಬೇಕಿಲ್ಲ. ಆದರೆ ಅಡ್ಮಿಟ್ ಆಗುವವರು ಜಾಸ್ತಿಯಾದರೆ ತಕ್ಷಣ ಗಮನ ಕೊಡಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಅಕ್ಟೋಬರ್, ನವೆಂಬರ್ ಬಂತೆಂದರೆ ಮೆಕ್ಕೆಜೋಳದ ಒಕ್ಕಣೆ. ಮಿಷನ್ ಹತ್ತಿರ ನಿಂತವರ ಮೂಗು, ಗಂಟಲು ಎಲ್ಲ ಧೂಳು. ರಸ್ತೆ ಮೇಲೂ ಜೋಳ ಹರವಿರುತ್ತಾರೆ. ಒಬ್ಬ ಅಜ್ಜಿಯನ್ನು ಕೇಳಿದೆ, ‘ಯಾವಾಗಿಂದ ಐತಿ ಅಜ್ಜಿ ಕೆಮ್ಮು?’

‘ಜೋಳಕ್ಕೆ ಮಿಷನ್ ಹಾಕ್ಸಿದಾಗಿಂದ ಐತಿ ನೋಡವ್ವ.’

‘ಜ್ವರ?’

‘ಜ್ವರ ಎಲ್ಲಿದು, ಬರೇ ಕೆಮ್ಮು.’

ಇವರನ್ನು ಫ್ಲೂ ಲೆಕ್ಕಕ್ಕೆ ಸೇರಿಸಿದರೆ ಲೆಕ್ಕ ತಪ್ಪುತ್ತದೆ. ಫ್ಲೂ ತರಹದ ಕಾಯಿಲೆ ಅನ್ನಬೇಕಾದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಇರಬೇಕು, ಕೆಮ್ಮೂ ಇರಬೇಕು, 10 ದಿನದೊಳಗೆ ಶುರುವಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇದನ್ನೇ. ಇವುಗಳ ಜೊತೆ ಅಡ್ಮಿಟ್ ಮಾಡಬೇಕಾದಷ್ಟು ಜೋರಾಗಿದ್ದರೆ ಅದು ‘ಸಾರಿ’ (ಎಸ್‌ಎಆರ್‌ಐ), ಅಂದರೆ ಉಸಿರಾಟದ ತೀವ್ರ ಸೋಂಕು. ಹಾಗಂತ ಅಜ್ಜಿಯನ್ನು ಬಿಟ್ಟುಬಿಡುವ ಹಾಗಿಲ್ಲ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿಗಾಗಿ ಕಫ ಪರೀಕ್ಷೆ ಮಾಡಿಸಲೇಬೇಕು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರ ಕೆಮ್ಮೂ ಹೀಗೇ. ಹೊಗೆಯಿಂದ ಇರಬಹುದು, ಆದರೆ ಹೊಗೆಯದ್ದೇ ಅಂತ ನಾವೇ ತೀರ್ಮಾನ ಮಾಡಬಾರದು. ಜ್ವರ ಇದೆಯಾ, ಎಂದಿನಿಂದ, ಏನು ಕೆಲಸ ಮಾಡುತ್ತೀರಿ? ಈ ಮೂರು ಪ್ರಶ್ನೆಗೆ ಒಂದು ನಿಮಿಷ ಸಾಕು. ಒಪಿಡಿಯಲ್ಲಿ ಎಷ್ಟೇ ಜನ ಇರಲಿ, ಆ ನಿಮಿಷ ಕೊಡಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಚಿಕ್ಕ ಮಕ್ಕಳದ್ದು ಬೇರೆ. ಅವರ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು, ಮಗು ಅಳುತ್ತಿರಬಾರದು. ಎರಡು ತಿಂಗಳೊಳಗಿನ ಮಗುವಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನ್ಯುಮೋನಿಯಾ ಇರಬಹುದು. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಕಾಯಲೇಬೇಡಿ, ದೊಡ್ಡಾಸ್ಪತ್ರೆಗೆ ಹೋಗಿ.

ನಮ್ಮ ಲೆಕ್ಕದಲ್ಲಿ ದೊಡ್ಡ ತೂತು ಅಂದರೆ ಮೆಡಿಕಲ್ ಶಾಪ್. ಮೊದಲ ಎರಡು ಮೂರು ದಿನ ಎಲ್ಲರೂ ಹೋಗುವುದು ಅಲ್ಲಿಗೇ ಅಲ್ವಾ? ಅವರು ಯಾವ ಫಾರಂನಲ್ಲೂ ಇಲ್ಲ. ಹಾಗಾಗಿ ಫೀಲ್ಡಿಗೆ ಹೋದಾಗ ನಾನೇ ಅಂಗಡಿಯಲ್ಲಿ ನಿಂತು ಕೇಳುತ್ತೇನೆ, ‘ಅಣ್ಣ, ಕೆಮ್ಮಿನ ಔಷಧಿ ಹೆಂಗೆ ಹೋಗ್ತೈತಿ?’ ಜಾಸ್ತಿ ಅಂದರೆ ಆ ಊರಿನ ಆಶಾಗೆ ಅಂದೇ ಫೋನ್ ಮಾಡಿ, ಮನೆಮನೆ ವಿಚಾರಿಸಲು ಹೇಳುತ್ತೇನೆ. ಶಾಲೆಗೂ ಹೋಗಿ ಹಾಜರಿ ನೋಡುತ್ತೇನೆ. ಒಂದೇ ಕ್ಲಾಸಿನಲ್ಲಿ ಐದಾರು ಮಕ್ಕಳು ಜ್ವರ ಅಂತ ಬಂದಿಲ್ಲದಿದ್ದರೆ, ಡಾಕ್ಟರಿಗೆ ತಿಳಿಸಲು ಸಂಜೆಯ ಎಂಟ್ರಿಯವರೆಗೆ ಕಾಯುವುದಿಲ್ಲ.