ಬೇರೆ ನಕ್ಷತ್ರಕ್ಕೆ ಹೋಗಿ ನೆಲೆಸಲು ಅಷ್ಟು ಖರ್ಚು ಮಾಡಬೇಕಾ?

ನಾನು ಬಾಹ್ಯಾಕಾಶದ ಬಗ್ಗೆ ಬರೆಯುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಇದು. ಇನ್ನೊಂದು ನಕ್ಷತ್ರದ ಗ್ರಹದಲ್ಲಿ ಮನುಷ್ಯರು ಊರು ಕಟ್ಟುವುದು ಖರ್ಚಿಗೆ ತಕ್ಕ ಕೆಲಸವಾ? ಸದ್ಯಕ್ಕಂತೂ ಅಲ್ಲ ಅಂತಲೇ ನಾನು ಹೇಳುವುದು.

ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ. ಅಲ್ಲಿಂದ ಬೆಳಕು ಬರಲಿಕ್ಕೇ 4.2 ವರ್ಷ ಬೇಕು. 1977ರಲ್ಲಿ ಹೊರಟ ವಾಯೇಜರ್ 1 ಎಂಬ ಬಾಹ್ಯಾಕಾಶ ನೌಕೆ ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುತ್ತಿದೆ. ಆ ವೇಗದಲ್ಲಿ ಹೋದರೆ 70 ಸಾವಿರ ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತದೆ. ಬೆಳಕಿನ ಹತ್ತನೇ ಒಂದು ಪಾಲು ವೇಗ ಬೇಕೆಂದರೆ, ಚೂರೂ ಪೋಲಾಗದಿದ್ದರೂ, ಒಂದೇ ಒಂದು ಕಿಲೋ ತೂಕಕ್ಕೆ 12 ಕೋಟಿ ಯೂನಿಟ್ ವಿದ್ಯುತ್ತಿಗಿಂತ ಹೆಚ್ಚು ಶಕ್ತಿ ಬೇಕು. ಅಲ್ಲಿ ಹೋಗಿ ನಿಲ್ಲುವ ಲೆಕ್ಕ ಬೇರೆ. ಜನ, ನೀರು, ಮಣ್ಣು ಎಲ್ಲ ಸೇರಿದರೆ ಎಷ್ಟಾಗಬಹುದು ಅಂತ ನೀವೇ ಯೋಚಿಸಿ.

ಶಕ್ತಿಯ ಸಮಸ್ಯೆ ಎಂದಾದರೂ ಬಗೆಹರಿದೀತು. ನನಗೆ ಅದಕ್ಕಿಂತ ದೊಡ್ಡ ಚಿಂತೆ ಉಸಿರಿನದು. 1991ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಎಂಬ ದೊಡ್ಡ ಗಾಜಿನ ಕಟ್ಟಡದೊಳಗೆ 8 ಜನ ಎರಡು ವರ್ಷ ಇರಲು ಹೋದರು. ಬಾಗಿಲು ಮುಚ್ಚಿತು. ಒಳಗೇ ಹೊಲ, ಕಾಡು, ಪುಟ್ಟ ಸಮುದ್ರ ಇದ್ದವು. ಆದರೆ ಆಮ್ಲಜನಕ ತಿಂಗಳು ತಿಂಗಳು ಇಳಿಯುತ್ತಾ ಹೋಯಿತು. ಶೇ. 21ರಷ್ಟು ಇದ್ದದ್ದು ಶೇ. 15ಕ್ಕಿಂತ ಕೆಳಗೆ ಬಂತು. ಫಲವತ್ತಾದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ಎಳೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಅದರಲ್ಲಿ ಬಹಳಷ್ಟನ್ನು ಕಟ್ಟಡದ ಕಾಂಕ್ರೀಟ್ ಹೀರಿಕೊಳ್ಳುತ್ತಿತ್ತು. ಗಿಡಗಳಿಗೆ ಅದು ಸಿಗಲೇ ಇಲ್ಲ, ಹಾಗಾಗಿ ಆಮ್ಲಜನಕ ಮರಳಿ ಬರಲಿಲ್ಲ. ಕೊನೆಗೆ 1993ರಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು.

ನಕ್ಷತ್ರಗಳ ನಡುವೆ ಹಾಗೆ ತುಂಬಲು ಯಾರಿದ್ದಾರೆ? ನೌಕೆಯಲ್ಲೇ ಹುಟ್ಟುವ ಮಕ್ಕಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ಹೋಗುತ್ತೀರಾ ಅಂತ ಅವರನ್ನು ಯಾರೂ ಕೇಳಿರುವುದಿಲ್ಲ.

ಭೂಮಿಗೆ ಏನಾದರೂ ಆದರೆ ಅಂತಲೂ ಕೆಲವರು ಕೇಳುತ್ತಾರೆ. ಸೂರ್ಯನ ಬಿಸಿ ಏರಿ ಸಮುದ್ರಗಳು ಆವಿಯಾಗಲು ಸುಮಾರು 100 ಕೋಟಿ ವರ್ಷವಿದೆ. ಅವಸರವೇನಿಲ್ಲ.

ಹಾಗಂತ ಸುಮ್ನೆ ಕೂರಬೇಕು ಅಂತಲ್ಲ. ಲೇಸರ್ ಬೆಳಕು ತಳ್ಳುವ ಹಾಯಿ ಕಟ್ಟಿ, ಗ್ರಾಂ ತೂಕದ ಪುಟ್ಟ ಯಂತ್ರಗಳನ್ನು ಬೆಳಕಿನ ಐದನೇ ಒಂದು ಪಾಲು ವೇಗದಲ್ಲಿ ಕಳಿಸುವ ಬ್ರೇಕ್‌ಥ್ರೂ ಸ್ಟಾರ್‌ಶಾಟ್ ಯೋಜನೆಯನ್ನು 2016ರಲ್ಲಿ ಪ್ರಕಟಿಸಿದ್ದರು. ಅಂಥದ್ದಕ್ಕೆ ದುಡ್ಡು ಹಾಕಿ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಜೊತೆಗೆ, ಇಲ್ಲೇ ನೆಲದ ಮೇಲೆ ಇನ್ನೊಂದು ಮುಚ್ಚಿದ ಕಟ್ಟಡ ಕಟ್ಟಲಿ. ಅದರೊಳಗೆ ಒಂದು ತಲೆಮಾರು ಹೊರಗಿನ ಗಾಳಿ ಇಲ್ಲದೆ ಆರೋಗ್ಯವಾಗಿ ಬಾಳಿದ ಮೇಲೆ ಈ ಪ್ರಶ್ನೆಯನ್ನು ಮತ್ತೆ ಕೇಳಬಹುದು.